ಟಾಲ್ವಿಕ್‌ನಲ್ಲಿ ಇಳಿಯುವವರು

ಮಾರ್ಚ್ ೧೩

ಇವತ್ತು ಪೇಟೆಗೆ ಹೋಗಿ ಕೋರ್ಟಿನಲ್ಲಿ ವಿಚ್ಛೇದನದ ಅರ್ಜಿ ಕೊಟ್ಟು ಬಂದೆ. ಅಲ್ಲಿನ ಗುಮಾಸ್ತೆ ಒಳ್ಳೆಯ ಹೆಂಗಸು. ಅರ್ಜಿ ತೆಗೆದುಕೊಂಡು, ಇನ್ನು ಆರು ತಿಂಗಳು ಯೋಚನೆ ಮಾಡಬೇಕು ಎಂದಳು. ಕಾನೂನೇ ಹಾಗಂತೆ. ಸೆಪ್ಟೆಂಬರ್ ಹದಿಮೂರಕ್ಕೆ ಯೋಚನೆಯ ಅವಧಿ ಮುಗಿಯುತ್ತದೆ, ಆಗಲೂ ಬೇಕೆನ್ನಿಸಿದರೆ ಇನ್ನೊಂದು ಅರ್ಜಿ ಕೊಡಬೇಕು. ನಾನು ಯೋಚಿಸಿಯೇ ಬಂದಿದ್ದೇನೆ ಎಂದೆ. ಎಲ್ಲರೂ ಹಾಗೆಯೇ ಹೇಳುತ್ತಾರೆ ಎಂದಳು.

ನನಗಿರುವ ಹೆದರಿಕೆ ಒಂದೇ. ನನ್ನ ಕೋಪ ಹಾಲಿನ ಹಾಗೆ ಉಕ್ಕುತ್ತದೆ, ಹಾಗೆಯೇ ಇಳಿದೂಬಿಡುತ್ತದೆ. ಸೆಪ್ಟೆಂಬರಿನವರೆಗೆ ಅದನ್ನು ಕಾಪಾಡಿಕೊಳ್ಳಬೇಕು. ಅದಕ್ಕೇ ಈ ಪುಸ್ತಕ ತಂದಿದ್ದೇನೆ. ಆಲ್ಗೊತ್ ನನಗೆ ಮಾಡಿದ್ದನ್ನೆಲ್ಲ ಇದರಲ್ಲಿ ಬರೆದಿಡುತ್ತೇನೆ. ಮರೆತುಹೋದರೆ ತೆಗೆದು ಓದಿಕೊಳ್ಳಬಹುದು.

ಮೊದಲನೆಯದು: ಅವನು ಮಾತಾಡುವುದಿಲ್ಲ. ಮೊದಲೂ ಅವನೇನು ಹರಟೆಮಲ್ಲನಾಗಿರಲಿಲ್ಲ. ಆದರೆ ನಮ್ಮ ಟಾಲ್ವಿಕ್ ಬಂದರಿನಲ್ಲಿ ಸರಕು ಇಳಿಸುವುದು ನಿಂತು, ಹಡಗಿನ ಹೊಟ್ಟೆಯಿಂದ ಟ್ರೇಲರುಗಳನ್ನು ಎಳೆದು ತರುವ ಅವನ ಕೆಲಸ ಹೋದ ಮೇಲೆ ಬಾಯಿಗೆ ಬೀಗ ಹಾಕಿಕೊಂಡ. ಎರಡು ಚಳಿಗಾಲ ಕಿಟಕಿಯ ಹತ್ತಿರ ಕೂತು ಸಮುದ್ರ ನೋಡಿದ. ನವೆಂಬರಿನಲ್ಲಿ ಒಂದು ದಿನ ನನಗೆ ತಡೆಯಲಾಗದೆ, 'ಮಾತಾಡು, ಇಲ್ಲಾ ಎದ್ದು ಹೋಗು' ಎಂದೆ. ಎದ್ದು ಹೋದ. ಹಿತ್ತಿಲಿನ ಸೌನಾದವರೆಗೆ.

ಆ ಆವಿಸ್ನಾನದ ಕೋಣೆಯಲ್ಲೇ ಹಾಸಿಗೆ ಹಾಕಿಕೊಂಡಿದ್ದಾನೆ. ಗಂಡ ಬಿಟ್ಟುಹೋದ ಹೆಂಗಸರು ನಮ್ಮ ಈ ದ್ವೀಪದಲ್ಲಿ ಬೇಕಾದಷ್ಟಿದ್ದಾರೆ. ಗಂಡನ ಜೊತೆಗೆ ಸೌನಾವನ್ನೂ ಕಳೆದುಕೊಂಡವಳು ನಾನೊಬ್ಬಳೇ ಇರಬೇಕು. ಶನಿವಾರ ಬಂದರೆ ಟವೆಲು ಹೆಗಲಿಗೆ ಹಾಕಿಕೊಂಡು ಆವಿಸ್ನಾನಕ್ಕೆ ಪಕ್ಕದ ರೂನೆಯ ಮನೆಗೆ ಹೋಗುತ್ತೇನೆ. ಐವತ್ತೆರಡನೇ ವಯಸ್ಸಿಗೆ ನನಗೆ ಇದು ಬೇಕಿತ್ತೇ?

ಏಪ್ರಿಲ್ ೩

ಹಡಗು ಕಂಪನಿಯಿಂದ ಲಿಂಡ್‌ರೂಸ್ ಎಂಬ ಅಧಿಕಾರಿ ಬಂದಿದ್ದ. ಉದ್ದ ಕತ್ತು, ಹಳದಿ ಕೋಟು, ಕೈಯಲ್ಲಿ ಜನರನ್ನು ಎಣಿಸುವ ಟಿಕ್ ಟಿಕ್ ಯಂತ್ರ. ಬಂದರಿನ ನಿರೀಕ್ಷಣಾ ಕೊಠಡಿಯಲ್ಲಿ, ಅಂದರೆ ನನ್ನ ಕಾಫಿ ಅಂಗಡಿಯಲ್ಲಿ, ಊರವರನ್ನೆಲ್ಲ ಕೂಡಿಸಿದ. ಎಲ್ಲರೂ ಬಂದರೂ ಕುರ್ಚಿಗಳು ಉಳಿದವು.

ವಿಷಯ ಹೀಗೆ. 'ಸೆಲ್ಮಾ' ಹಡಗು ಒಂದು ದಿನ ತುರ್ಕುವಿನಿಂದ ಸ್ಟಾಕ್‌ಹೋಮಿಗೆ ಹೋಗುತ್ತದೆ, ಮರುದಿನ ಹಿಂದಿರುಗುತ್ತದೆ. ದಿನಾ ಮಧ್ಯಾಹ್ನ ನಮ್ಮ ಟಾಲ್ವಿಕ್‌ಗೆ ಒಮ್ಮೆ ತಾಗಿ ಹೋಗುತ್ತದೆ. ಟಾಲ್ವಿಕ್ ಚೆಂದ ಎಂದಲ್ಲ. ತೆರಿಗೆಯ ಲೆಕ್ಕದಲ್ಲಿ ನಮ್ಮ ದ್ವೀಪ ಯುರೋಪಿನ ಹೊರಗಿದೆ. ನಮ್ಮನ್ನು ಮುಟ್ಟಿ ಹೋದ ಹಡಗಿನಲ್ಲಿ ಬಿಯರಿಗೂ ಬ್ರಾಂದಿಗೂ ಸಿಗರೇಟಿಗೂ ತೆರಿಗೆ ಇಲ್ಲ. ರೂನೆ ದಡದ ಗೂಟಕ್ಕೆ ಹಗ್ಗ ಹಾಕುತ್ತಾನೆ, ಹಡಗು ಉಸಿರು ತೆಗೆದುಕೊಳ್ಳುತ್ತದೆ, ರೂನೆ ಹಗ್ಗ ಬಿಡಿಸುತ್ತಾನೆ. ಅಷ್ಟಕ್ಕೇ ಎರಡು ಸಾವಿರ ಜನ ಚಕ್ರದ ಗಾಡಿಗಳಲ್ಲಿ ಬಿಯರು ತುಂಬಿಕೊಂಡು ಹೋಗುತ್ತಾರೆ. ಎಷ್ಟೋ ವರ್ಷಗಳಿಂದ ಇಲ್ಲಿ ಯಾರೂ ಹತ್ತಿಲ್ಲ, ಯಾರೂ ಇಳಿದಿಲ್ಲ.

ಈಗ ತೆರಿಗೆಯವರು ಕೇಳಿದ್ದಾರಂತೆ: ಯಾರೂ ಹತ್ತದ, ಯಾರೂ ಇಳಿಯದ ಜಾಗವನ್ನು ಬಂದರು ಎಂದು ಹೇಗೆ ಕರೆಯುತ್ತೀರಿ? ಇನ್ನು ಮುಂದೆ ಪ್ರತಿ ಸಲವೂ ಒಬ್ಬರಾದರೂ ಹತ್ತಬೇಕು, ಒಬ್ಬರಾದರೂ ಇಳಿಯಬೇಕು. ಟಿಕೆಟ್ ಇರಬೇಕು, ಕಂಪನಿಯ ನೌಕರರಾಗಿರಬಾರದು, ನಿಜವಾಗಿ ಪ್ರಯಾಣ ಮಾಡಬೇಕು. ಇಲ್ಲದಿದ್ದರೆ ಹಡಗು ಇನ್ನೊಂದು ಬಂದರಿಗೆ ಹೋಗುತ್ತದೆ. ರೂನೆಯ ಹಗ್ಗವೂ ನನ್ನ ಅಂಗಡಿಯೂ ಮುಳುಗಿದ ಹಾಗೆ.

ಲಿಂಡ್‌ರೂಸ್ ನನ್ನ ತಿಂಡಿಪಟ್ಟಿಯ ಹಿಂಬದಿಗೆ ಚಿತ್ರ ಬರೆದು ತೋರಿಸಿದ. ಇಬ್ಬರು ಸಾಕು. ಸೋಮವಾರ ಒಬ್ಬ ಹತ್ತುತ್ತಾನೆ. ಮಂಗಳವಾರ ಅವನು ಹಿಂದಿರುಗಿ ಇಳಿಯುವಾಗ ಇನ್ನೊಬ್ಬಳು ಹತ್ತುತ್ತಾಳೆ. ಬುಧವಾರ ಅವಳು ಇಳಿಯುವಾಗ ಇವನು. ಹೀಗೇ ಎಷ್ಟು ದಿನ ಬೇಕಾದರೂ. ಟಿಕೆಟ್ ಉಚಿತ, ಊಟ ಉಚಿತ, ಹಾಸಿಗೆ ಉಚಿತ.

ಊರಿನಲ್ಲಿ ದನ ಕರು, ಶಾಲೆ, ಬಲೆ ಇಲ್ಲದೆ ಸುಮ್ಮನೆ ಇರುವವರು ಯಾರು? ಎಲ್ಲರೂ ಮೊದಲು ಆಲ್ಗೊತ್‌ನನ್ನು ನೋಡಿದರು, ಆಮೇಲೆ ನನ್ನನ್ನು. ನನ್ನ ಅಂಗಡಿಗೆ ಬರುವ ಗಿರಾಕಿ ರೂನೆಯೊಬ್ಬನೇ ಎಂಬುದು ಎಲ್ಲರಿಗೂ ಗೊತ್ತು. 'ಕಾಫಿ ನಾನೇ ಮಾಡ್ಕೋತೀನಿ ಬಿಡೇ ವಿಯೋಲಾ' ಎಂದ ಆ ಮುದುಕ. ಅದೂ ಅಲ್ಲದೆ, ನೀವಿಬ್ಬರೂ ಒಂದೇ ದಿನ ಒಂದೇ ಜಾಗದಲ್ಲಿ ಇರಬೇಕಾಗುವುದಿಲ್ಲ, ನಿಮ್ಮ ಪರಿಸ್ಥಿತಿಗೆ ಹೇಳಿ ಮಾಡಿಸಿದ ಕೆಲಸ ಎಂದ.

ಯೋಚಿಸಿದರೆ ಅದೂ ಹೌದು. ಒಪ್ಪಿಕೊಂಡೆ. ಆಲ್ಗೊತ್ ತಲೆಯಾಡಿಸಿದ. ಅದನ್ನೇ ಒಪ್ಪಿಗೆ ಎಂದು ಲಿಂಡ್‌ರೂಸ್ ಬರೆದುಕೊಂಡ.

ಏಪ್ರಿಲ್ ೯

ನಿನ್ನೆ ಅವನು ಹೋದ, ಇವತ್ತು ನಾನು ಹತ್ತಿದೆ. ಹಡಗಿನಿಂದ ದಡಕ್ಕೆ ಹಾಕುವ ಕಾಲುಸೇತುವೆ ಎಷ್ಟು ಕಿರಿದೆಂದರೆ ಇಬ್ಬರು ಎದುರಾದರೆ ಒಬ್ಬರು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಅವನು ಎಳೆದುಕೊಂಡ. ದಿನಾ ಹಡಗಿನಲ್ಲೇ ಬರುವ ಲಿಂಡ್‌ರೂಸ್ ಯಂತ್ರವನ್ನು ಎರಡು ಸಲ ಒತ್ತಿ, ವೈರ್‌ಲೆಸ್ಸಿನಲ್ಲಿ 'ಒಬ್ಬರು ಕೆಳಗೆ, ಒಬ್ಬರು ಮೇಲೆ' ಎಂದ. ಆಮೇಲಷ್ಟೇ ಹಡಗಿನೊಳಗಿನ ಬಿಯರು ಅಂಗಡಿಯ ಷಟರು ಮೇಲೆ ಹೋಯಿತು. ಅಲ್ಲಿಯವರೆಗೆ ಜನ ಗಾಡಿ ಹಿಡಿದು ಕಿಟಕಿಯಿಂದ ನಮ್ಮನ್ನೇ ನೋಡುತ್ತಿದ್ದರು. ಮದುವೆಯ ದಿನವೂ ನಮ್ಮನ್ನು ಇಷ್ಟು ಜನ ಇಷ್ಟು ಆಸೆಯಿಂದ ನೋಡಿರಲಿಲ್ಲ.

ಊಟ ಚೆನ್ನಾಗಿತ್ತು. ಹೆರಿಂಗ್ ಮೀನೇ ಏಳೆಂಟು ಬಗೆ.

ಏಪ್ರಿಲ್ ೧೯

ಇವತ್ತು ಸೇತುವೆಯ ನಡುವೆ ಎದುರಾದಾಗ ಅವನು ಬಾಯಿ ಬಿಟ್ಟ. 'ಬೆಕ್ಕು ವಾಂತಿ ಮಾಡ್ತು' ಎಂದ.

ನವೆಂಬರಿನಿಂದ ಈಚೆಗೆ ನನ್ನ ಗಂಡ ನನಗೆ ಹೇಳಿದ ಮೊದಲ ಮಾತು ಇದು. ನಾನು ಹಾಗೇ ಹಡಗು ಹತ್ತಿದೆ. ಎಲ್ಲಿ ವಾಂತಿ ಮಾಡಿತು, ಏನು ತಿಂದಿತ್ತು ಎಂದು ತಿಳಿಯದೆ ಸ್ಟಾಕ್‌ಹೋಮ್‌ವರೆಗೂ ಚಡಪಡಿಸಿದೆ. ಇದು ಅವನ ಎರಡನೆಯ ತಪ್ಪು: ಅರ್ಧ ಹೇಳಿ ಬಿಡುವುದು.

ಏಪ್ರಿಲ್ ೨೦

ಸೋಫಾದ ಮೇಲೆ. ಮೀನಿನ ತಲೆ. ಈಗ ಆರಾಮವಾಗಿದೆಯಂತೆ. ಸೋಫಾ ತೊಳೆದಿದ್ದಾನಂತೆ. ಕೇಳಿ ತಿಳಿದುಕೊಂಡೆ, ಬೇರೆ ದಾರಿ ಇರಲಿಲ್ಲ.

ಮೇ ೬

ಅವನು ಹಡಗಿನಲ್ಲಿರುವ ದಿನ ಸೌನಾ ನನ್ನದು. ಇವತ್ತು ಇಳಿದು ಬಂದು ನೋಡಿದರೆ ಒಲೆಯಲ್ಲಿ ಕೆಂಡ ಹಾಗೇ ಇದೆ, ಕಲ್ಲುಗಳು ಬಿಸಿ, ತೊಟ್ಟಿಯಲ್ಲಿ ನೀರು, ಆವಿಯಲ್ಲಿ ಮೈಗೆ ಬಡಿದುಕೊಳ್ಳುವ ಬರ್ಚ್ ಎಲೆಯ ಹೊಸ ಪೊರಕೆ ನೆನೆಸಿಟ್ಟಿದೆ. ಬೆಂಕಿ ಆರಿಸದೆ ಹೋಗುವುದು ಎಂಥ ಬೇಜವಾಬ್ದಾರಿ. ಮನೆಗೆ ಹತ್ತಿಕೊಂಡಿದ್ದರೆ? ಮೂರನೆಯ ತಪ್ಪು ಎಂದು ಬರೆದುಕೊಂಡೆ. ಆಮೇಲೆ ಬಿಸಿ ಯಾಕೆ ದಂಡವಾಗಬೇಕೆಂದು ಎರಡು ಸಲ ಆವಿ ತೆಗೆದುಕೊಂಡೆ.

ಮೇ ೮

ಮತ್ತೆ ಆರಿಸಿಲ್ಲ.

ಮೇ ೨೪

ಲಿಂಡ್‌ರೂಸ್ ಇವತ್ತು ನನಗೆ ಎಚ್ಚರಿಕೆ ಕೊಟ್ಟ. ಸೇತುವೆಯ ಮೇಲೆ ನಿಂತು ಮಾತಾಡಬಾರದಂತೆ. ನಡುವೆ ನಿಂತವರು ಹತ್ತಿದವರೂ ಅಲ್ಲ, ಇಳಿದವರೂ ಅಲ್ಲ, ಯಂತ್ರದಲ್ಲಿ ಅವರಿಗೆ ಗುಂಡಿ ಇಲ್ಲ. ಮೇಲೆ ಷಟರಿನ ಮುಂದೆ ಜನ ಗಾಡಿಗಳನ್ನು ನೆಲಕ್ಕೆ ಕುಟ್ಟಿ ಶಿಳ್ಳೆ ಹಾಕುತ್ತಿದ್ದರು. ಒಬ್ಬ ಮುದುಕ ಕಿಟಕಿ ತೆರೆದು, 'ಯಮ್ಮಾ ತಾಯಿ, ಬೇಗ ಇಳಿಯಮ್ಮ, ಗಂಟಲು ಒಣಗ್ತಿದೆ' ಎಂದು ಕೂಗಿದ.

ಮಾತಾಡಿದ್ದು ಅಗತ್ಯದ ವಿಷಯ. ಚರಂಡಿ ಕಟ್ಟಿಕೊಂಡಿದೆ. ಚರಂಡಿ ಎಂದ ಮೇಲೆ ಪಕ್ಕದ ಆಪಲ್ ಗಿಡದ ಬೇರಿನ ಮಾತು ಬಂತು, ಬೇರೆಂದ ಮೇಲೆ ಅದನ್ನು ನೆಟ್ಟ ವರ್ಷದ ಮಾತು ಬಂತು. ಇದರಲ್ಲಿ ನನ್ನ ತಪ್ಪೇನಿದೆ?

ಮೇ ೨೫

ನಿಂತು ಮಾತಾಡಬಾರದು ಎಂದಿದ್ದಾನೆ. ನಿಧಾನವಾಗಿ ನಡೆಯಬಾರದು ಎಂದಿಲ್ಲ.

ಜೂನ್ ೧೪

ಮೂರು ದಿನ ಜ್ವರ. ಏನಾಯಿತೆಂಬುದನ್ನು ರೂನೆ ಬಂದು ಹೇಳಿದ.

ಆಲ್ಗೊತ್ ಹಡಗಿನಿಂದ ಇಳಿದನಂತೆ, ಹತ್ತಲು ನಾನಿಲ್ಲ. ಲಿಂಡ್‌ರೂಸ್ ಬೆವರತೊಡಗಿದ. ಆಗ ರೂನೆ ತನ್ನ ಹೆಣ್ಣುಕುರಿ ಹುಲ್ಡಾಳನ್ನು ತಂದು, ಸಾಕುಪ್ರಾಣಿಯ ಟಿಕೆಟ್ ತೆಗೆದು, ಕಾಲುಸೇತುವೆ ಹತ್ತಿಸಿದ. ಲಿಂಡ್‌ರೂಸ್ ಒಂದು ಗಳಿಗೆ ಯೋಚಿಸಿ ಗುಂಡಿ ಒತ್ತಿದ. ಷಟರು ಮೇಲೆ ಹೋಯಿತು. ಹುಲ್ಡಾ ಸ್ಟಾಕ್‌ಹೋಮಿಗೆ ಹೋಗಿ ಬಂತು, ಮಕ್ಕಳ ಆಟದ ಕೋಣೆಯಲ್ಲಿ ಅವಳಿಗೆ ತುಂಬ ಪ್ರೀತಿ ಸಿಕ್ಕಿತಂತೆ. ಮರುದಿನ ಅವಳು ಇಳಿದಾಗ ಆಲ್ಗೊತ್ ಊರಲ್ಲೇ ಉಳಿದು, ಅವನ ಬದಲು ರೂನೆಯ ಭಾವ ಹತ್ತಿದ. ಆದರೆ ತೆರಿಗೆಯವರು ಕುರಿಯನ್ನು ಒಪ್ಪಲಿಲ್ಲ. ಅವರ ಪ್ರಕಾರ ಕುರಿ ಸರಕು. ಆ ದಿನ ಮಾರಿದ ಅಷ್ಟೂ ಬಿಯರಿಗೆ ಕಂಪನಿ ತೆರಿಗೆ ಕಟ್ಟಬೇಕಾಯಿತು. ಇನ್ನೊಂದು ಸಲ ಹೀಗಾದರೆ ಟಾಲ್ವಿಕ್‌ಗೆ ಹಡಗೇ ಇಲ್ಲ ಎಂದು ಮೇಲಿನಿಂದ ಆದೇಶ ಬಂದಿದೆ. 'ಅಂತೂ ಇಷ್ಟು ಕಾಲದ ಮೇಲೆ ಟಾಲ್ವಿಕ್‌ನಲ್ಲಿ ಸರಕು ಹತ್ತಿತು ನೋಡು' ಎಂದು ರೂನೆಗೆ ಹೆಮ್ಮೆ.

ಆಲ್ಗೊತ್ ಮೂರು ದಿನವೂ ಬಾಗಿಲ ಮೆಟ್ಟಿಲ ಮೇಲೆ ಮೀನಿನ ಸಾರು ಇಟ್ಟು ಹೋಗುತ್ತಿದ್ದ. ಬಾಗಿಲು ಬಡಿಯುತ್ತಿರಲಿಲ್ಲ. ಸಾರಿನಲ್ಲಿ ಸಬ್ಬಸಿಗೆ ಜಾಸ್ತಿ. ತಪ್ಪುಗಳ ಪಟ್ಟಿಗೆ ಸೇರಿಸಿದೆ. ನಾಲ್ಕನೆಯದೋ ಐದನೆಯದೋ, ಲೆಕ್ಕ ತಪ್ಪಿದೆ.

ಜುಲೈ ೯

ಮಂಜು ಎಂದರೆ ಹಾಲಿನ ಪಾತ್ರೆಯೊಳಗೆ ಬಿದ್ದ ಹಾಗೆ. ಬಂದರು ಕಣ್ಣಿಗೆ ಕಾಣದೆ ಹಡಗು ಹೊರಗಡೆಯೇ ನಿಂತಿತು. ನಾನು ಇಳಿಯುವವಳು, ಅವನು ಹತ್ತುವವನು. ಜನಕ್ಕೆ ಷಟರಿನ ಚಿಂತೆ, ನನಗೆ ಬೆಳಿಗ್ಗೆಯಿಂದ ಕಾಯ್ದಿಟ್ಟ ಒಂದು ವಿಷಯವನ್ನು ಅವನಿಗೆ ಹೇಳುವ ಚಿಂತೆ. ಹಡಗಿನ ಕುಣಿತದ ಸಭಾಂಗಣದಲ್ಲಿ ಎಂಬತ್ತು ದಾಟಿದ ಒಂದು ಜೋಡಿ ಹಾಡು ಮುಗಿದರೂ ಕುಣಿಯುತ್ತಿತ್ತು. ಅಷ್ಟೇ ವಿಷಯ. ಆದರೆ ಮಾರನೆಯ ದಿನಕ್ಕೆ ಇಟ್ಟರೆ ಅದು ಹಳಸಿಹೋಗುತ್ತದೆ.

ಆಗ ದಡದಿಂದ ಹಾರ್ನು ಕೇಳಿಸತೊಡಗಿತು. ಆಲ್ಗೊತ್ ಟ್ರೇಲರು ಎಳೆಯುತ್ತಿದ್ದ ತನ್ನ ಹಳೆಯ ಎಳೆಗಾಡಿಯನ್ನು ಶೆಡ್ಡಿನಿಂದ ತೆಗೆದು ಬಂದರಿನ ತುದಿಯಲ್ಲಿ ನಿಲ್ಲಿಸಿ ಬಾರಿಸುತ್ತಿದ್ದ. ಮಂಜು ಕರಗುವವರೆಗೂ ನಿಲ್ಲಿಸಲಿಲ್ಲ. ಕ್ಯಾಪ್ಟನ್‌ಗೆ ರೇಡಾರ್ ಇದೆ, ಜಿಪಿಎಸ್ ಇದೆ, ಎಳೆಗಾಡಿಯ ಹಾರ್ನು ಬೇಕಿರಲಿಲ್ಲ. ನಾನು ಮಾತ್ರ ಡೆಕ್ಕಿನ ಮೇಲೆ ಕೋಟು ನೆನೆಯುವವರೆಗೆ ನಿಂತು ಕೇಳಿದೆ.

ಎದುರಾದಾಗ 'ಯಾಕೆ ಬಾರಿಸಿದೆ?' ಎಂದು ಕೇಳಿದೆ. 'ಕೇಳಿಸ್ತಾ?' ಎಂದ. ಕೇಳಿಸಿತು ಎಂದೆ. ಕುಣಿಯುವ ಮುದುಕರ ವಿಷಯ ಹೇಳಿದೆ. ನಕ್ಕ. ಅವನಿಗೆ ಎಡಗಡೆ ಒಂದು ಹಲ್ಲು ಹೋಗಿದೆ. ಯಾವಾಗ ಹೋಯಿತೋ, ನನಗೆ ಯಾರೂ ಹೇಳಿಲ್ಲ.

ಆಗಸ್ಟ್ ೧

ಏಲಕ್ಕಿ ಹಾಕಿದ ಪ್ಯಾನ್‌ಕೇಕ್ ಮಾಡಿ, ಒಣಪ್ಲಮ್ಮಿನ ಗೊಜ್ಜಿನ ಜೊತೆ ಡಬ್ಬಿಗೆ ಹಾಕಿ ಸೇತುವೆಯ ಮೇಲೆ ಅವನ ಕೈಗೆ ಕೊಟ್ಟೆ. ಹೆಚ್ಚು ಮಾಡಿದ್ದೆ, ಬೆಕ್ಕು ಏಲಕ್ಕಿ ಮುಟ್ಟುವುದಿಲ್ಲ. ಕೊಡುವಾಗ ಹಡಗಿನ ಕಿಟಕಿಗಳಿಂದ ಚಪ್ಪಾಳೆ ಬಂತು. ಈ ಜನಕ್ಕೆ ಮಾಡಲು ಬೇರೆ ಕೆಲಸವಿಲ್ಲ.

ಆಗಸ್ಟ್ ೨೦

ಆಲ್ಗೊತ್‌ಗೆ ಕೆಲಸ ಸಿಕ್ಕಿದೆ. ಹಡಗಿನ ಸರಕಿನ ಅಂತಸ್ತಿನ ಮೇಸ್ತ್ರಿಯ ಪರಿಚಯವಾಗಿ, ತುರ್ಕು ಬಂದರಿನಲ್ಲಿ ಟ್ರೇಲರು ಎಳೆಯಲು ಕರೆದಿದ್ದಾರೆ. ಇರುವುದಕ್ಕೆ ಮನೆಯನ್ನೂ ಕೊಡುತ್ತಾರಂತೆ. ಸೆಪ್ಟೆಂಬರ್ ಹದಿಮೂರರ ಹಡಗಿಗೆ ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಅವನ ಜಾಗಕ್ಕೆ ರೂನೆಯ ಭಾವ.

'ಒಳ್ಳೇದಾಯ್ತಲ್ಲ' ಎಂದೆ. 'ಹ್ಞೂಂ' ಎಂದ. ನಾನು ಇಳಿದೆ, ಅವನು ಹತ್ತಿದ. ಇವತ್ತು ಶಿಳ್ಳೆ ಹಾಕುವಷ್ಟು ಹೊತ್ತೂ ಆಗಲಿಲ್ಲ.

ಒಳ್ಳೆಯದೇ ಆಯಿತು. ಸೌನಾ ನನ್ನದಾಗುತ್ತದೆ. ಅದೇ ದಿನ ಎರಡನೆಯ ಅರ್ಜಿ ಕೊಟ್ಟುಬಿಡಬಹುದು. ಎಲ್ಲ ಒಂದೇ ಸಲಕ್ಕೆ ಮುಗಿಯುತ್ತದೆ.

ಆಗಸ್ಟ್ ೨೪

ಏನೂ ಇಲ್ಲ.

ಆಗಸ್ಟ್ ೩೦

ಏನೂ ಇಲ್ಲ. ಬೆಳಿಗ್ಗೆ ಹಡಗಿನ ಕಾಫಿ ಅಂಗಡಿಯಲ್ಲಿ ಲಿಂಡ್‌ರೂಸ್ ಒಬ್ಬನೇ ಕೂತು, ನಾವಿಬ್ಬರೂ ಈಗ ಸಮಯಕ್ಕೆ ಸರಿಯಾಗಿ ದಾಟುತ್ತೇವೆ, ಹಡಗು ಒಮ್ಮೆಯೂ ತಡವಾಗಿಲ್ಲ, ಕಂಪನಿಗೆ ಸಂತೋಷವಾಗಿದೆ ಎಂದ. ಹೇಳಿ ಯಾಕೋ ಕಣ್ಣೊರೆಸಿಕೊಂಡ. ಆ ಕೆಲಸವೇ ಅವನ ತಲೆ ಕೆಡಿಸಿದೆ.

ಸೆಪ್ಟೆಂಬರ್ ೧೧

ನಾಡಿದ್ದಿಗೆ ಕೋಪ ಬೇಕು ಎಂದು ಈ ಪುಸ್ತಕ ತೆಗೆದು ಓದಿದೆ. ಮೊದಲ ಎರಡು ಪುಟ ಚೆನ್ನಾಗಿದೆ, ಓದಿದರೆ ಮೈ ಉರಿಯುತ್ತದೆ. ಅದಾದ ಮೇಲೆ ಬೆಕ್ಕು, ಚರಂಡಿ, ಕುರಿ, ಹಾರ್ನು. ಆತುರದಲ್ಲಿ ಬರೆದಿರಬೇಕು, ಮುಖ್ಯವಾದದ್ದೆಲ್ಲ ಬಿಟ್ಟುಹೋಗಿದೆ. ಅರ್ಜಿ ಮಾತ್ರ ತುಂಬಿಸಿ ಇಟ್ಟಿದ್ದೇನೆ. ಇಳಿದ ಕೂಡಲೇ ಬಸ್ಸು ಹಿಡಿದು ಹೋಗಿ ಕೊಡುವುದು.

ರಾತ್ರಿ ಊಟ ಸೇರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ತುಂಬ ದುಃಖವಾಗಿದೆ. ಹವಾಮಾನ ಬದಲಾಗುತ್ತಿರುವುದರಿಂದ ಇರಬಹುದು.

ಸೆಪ್ಟೆಂಬರ್ ೧೩, ಹಡಗಿನಲ್ಲಿ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸ್ಟಾಕ್‌ಹೋಮಿನಿಂದ ಹಿಂದಿರುಗಿ ಮಧ್ಯಾಹ್ನ ಟಾಲ್ವಿಕ್ ಮುಟ್ಟಿದೆವು. ನಾನು ಚೀಲ ಹಿಡಿದು ಕಾಲುಸೇತುವೆಗೆ ಬಂದೆ. ಕೆಳಗಿನಿಂದ ಆಲ್ಗೊತ್ ಬಂದ. ಎರಡು ಪೆಟ್ಟಿಗೆ, ಮದುವೆಗೆ ಹೊಲಿಸಿದ ಕೋಟು. ಪೆಟ್ಟಿಗೆಗಳಿದ್ದುದರಿಂದ ದಾರಿ ಸಾಲಲಿಲ್ಲ. ಎದುರೆದುರು ಸಿಕ್ಕಿಕೊಂಡೆವು.

ಅವನು ನನ್ನನ್ನು ನೋಡಿದ. ಪೆಟ್ಟಿಗೆಗಳನ್ನು ಕೆಳಗಿಟ್ಟ. ನಾನು ಕಾದೆ. ಇಪ್ಪತ್ತಾರು ವರ್ಷ ಕಾದಿದ್ದೇನೆ, ಇನ್ನು ಸ್ವಲ್ಪ ಹೊತ್ತು ಎಂದುಕೊಂಡೆ.

'ನೀನು ಇಳೀಲೇಬೇಕಾ?' ಎಂದ.

'ಇಳೀದಿದ್ರೆ ಷಟರು ತೆಗೆಯಲ್ಲ' ಎಂದೆ.

'ತೆಗೀದಿದ್ರೆ ಬೇಡ ಬಿಡು. ವಿಯೋಲಾ, ಆ ಮನೆಯಲ್ಲಿ ಎರಡು ಕೋಣೆ ಇದೆ. ನಂಗೆ ಒಬ್ಬನಿಗೆ ಏನ್ಮಾಡಲಿ ಎರಡು ಕೋಣೆ? ಕೆಲಸ ಹೋದಾಗ ನಂಗೆ ನಾಚಿಕೆಯಾಗ್ತಿತ್ತು. ನಿನ್ನ ಮುಖ ನೋಡಿ ಏನು ಹೇಳಬೇಕೋ ತಿಳೀತಿರಲಿಲ್ಲ. ಈ ಸೇತುವೆ ಮೇಲೆ ಹೊತ್ತಿರ್ತಿರಲಿಲ್ಲ, ಅದಕ್ಕೇ ಹೇಳೋಕಾಗ್ತಿತ್ತು.'

ಬಸ್ಸಿನ ನೆನಪಾಯಿತು, ಅರ್ಜಿಯ ನೆನಪಾಯಿತು. ಆಮೇಲೆ ಹಿಂದಕ್ಕೆ ತಿರುಗಿ ಹಡಗಿನ ಒಳಗೆ ನಡೆದೆ, ಅವನಿಗೆ ದಾರಿ ಬೇಕಿತ್ತಲ್ಲ. ಒಂದು ಪೆಟ್ಟಿಗೆ ನಾನೇ ತೆಗೆದುಕೊಂಡೆ.

ಲಿಂಡ್‌ರೂಸ್ ಒಂದು ಗುಂಡಿ ಒತ್ತಿದ. ಇನ್ನೊಂದರ ಮೇಲೆ ಬೆರಳಿಟ್ಟು ಹಾಗೇ ನಿಂತ. ಒಬ್ಬರು ಮೇಲೆ, ಕೆಳಗೆ ಯಾರೂ ಇಲ್ಲ. ಕ್ಯಾಪ್ಟನ್ ಧ್ವನಿವರ್ಧಕದಲ್ಲಿ, ಪ್ರಯಾಣಿಕರಲ್ಲಿ ಯಾರಾದರೂ ಒಬ್ಬರು ದಯವಿಟ್ಟು ಟಾಲ್ವಿಕ್‌ನಲ್ಲಿ ಇಳಿಯಬೇಕೆಂದು ಕೇಳಿಕೊಂಡ. ಮೊದಲು ಫಿನ್ನಿಷ್‌ನಲ್ಲಿ, ಆಮೇಲೆ ಸ್ವೀಡಿಷ್‌ನಲ್ಲಿ, ಕೊನೆಗೆ ಇಂಗ್ಲಿಷಿನಲ್ಲಿ. ಎರಡು ಸಾವಿರ ಜನ ಷಟರಿನ ಮುಂದೆ ಬಾಯಾರಿ ನಿಂತಿದ್ದರು. ಒಬ್ಬರು ಇನ್ನೊಬ್ಬರನ್ನು ನೋಡಿದರೇ ಹೊರತು ಯಾರೂ ಇಳಿಯಲಿಲ್ಲ. 'ನೀನು ಇಳಿ', 'ನೀನೇ ಇಳಿ', 'ಅಲ್ಲೇನಿದೆ ಮಣ್ಣು' ಎಂದು ಮಾತಾಡಿಕೊಂಡರು. ನನಗೆ ಊರಿನ ಪರವಾಗಿ ಅವಮಾನವಾಯಿತು. ರೂನೆಯ ಮುಖ ನೆನೆದು ಇನ್ನೂ ಕಷ್ಟವಾಯಿತು. ನಾನೇ ಇಳಿದುಬಿಡಲೇ ಎಂದು ಆಲ್ಗೊತ್‌ನನ್ನು ಕೇಳಿದೆ. ಅವನು ಪೆಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಆಗ ಲಿಂಡ್‌ರೂಸ್ ಹಳದಿ ಕೋಟು ಬಿಚ್ಚಿದ. ಕುತ್ತಿಗೆಯಿಂದ ಕಂಪನಿಯ ಗುರುತುಚೀಟಿ ತೆಗೆದ. ಎರಡನ್ನೂ ಮಡಚಿ ಹಡಗಿನ ಟಿಕೆಟ್ ಮೇಜಿನ ಹುಡುಗಿಯ ಕೈಗೆ ಕೊಟ್ಟು, ನಾನು ಈ ಕ್ಷಣದಿಂದ ಕಂಪನಿಯ ನೌಕರನಲ್ಲ, ನನಗೊಂದು ಟಿಕೆಟ್ ಕೊಡು ಎಂದ. ಬೆಳಿಗ್ಗೆ ಸ್ಟಾಕ್‌ಹೋಮಿನಿಂದ ನಿಜವಾಗಿ ಪ್ರಯಾಣ ಮಾಡಿದ್ದೇನೆ, ಅದಕ್ಕೆ ಆ ಎರಡು ಸಾವಿರ ಜನವೂ ಸಾಕ್ಷಿ ಎಂದೂ ಹೇಳಿದ. ಟಿಕೆಟ್ ತೆಗೆದುಕೊಂಡ. ಹೋಗುವಾಗ ನಮ್ಮ ಮುಂದೆ ನಿಂತು, 'ಮಾತು ಮುಗಿಸ್ಕೊಳ್ಳಿ' ಎಂದಷ್ಟೇ ಹೇಳಿದ. ಅಂಗಿಯಲ್ಲೇ ಸೇತುವೆ ಇಳಿದು ಟಾಲ್ವಿಕ್ ದಡದ ಮೇಲೆ ಕಾಲಿಟ್ಟ. ಇಳಿಯುತ್ತಾ ತನ್ನ ಗುಂಡಿಯನ್ನು ತಾನೇ ಒತ್ತಿಕೊಂಡ. ಷಟರು ಮೇಲೆ ಹೋದ ಸದ್ದಿಗೆ ಹಡಗೇ ಅಲ್ಲಾಡಿತು. ರೂನೆ ಹಗ್ಗ ಬಿಡಿಸಿ, ಅವನ ಹೆಗಲ ಮೇಲೆ ಕೈ ಹಾಕಿ ಕಾಫಿ ಅಂಗಡಿಯ ಕಡೆ ಕರೆದುಕೊಂಡು ಹೋದ.

ಅರ್ಜಿ ಚೀಲದಲ್ಲೇ ಇದೆ. ಬೆಕ್ಕಿನ ವಿಷಯ ರೂನೆಗೆ ಫೋನು ಮಾಡಬೇಕು. ಈಗ ನಾವು ಊಟದ ಮನೆಯಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತಿದ್ದೇವೆ. ಈ ಹಡಗಿನಲ್ಲಿ ಒಂದೇ ಮೇಜಿಗೆ ಇಬ್ಬರೂ ಕೂತದ್ದು ಇದೇ ಮೊದಲು. ತುರ್ಕುವಿಗೆ ಇನ್ನೂ ತುಂಬ ಹೊತ್ತಿದೆ, ಹಿಂದೆ ಶಿಳ್ಳೆ ಹಾಕುವವರಿಲ್ಲ. ಹೊತ್ತು ಇದ್ದರೆ ಅವನು ಮತ್ತೆ ಮೂಕನಾಗಿಬಿಡುತ್ತಾನೇನೋ ಎಂದು ಹೆದರಿ ನಾನು ಈ ಪುಸ್ತಕ ತೆಗೆದು ತಲೆ ತಗ್ಗಿಸಿ ಬರೆಯುತ್ತಾ ಕೂತೆ.

ಇನ್ನು ಬರೆಯಲಾಗುವುದಿಲ್ಲ. ಆಲ್ಗೊತ್ ಮಾತಾಡುತ್ತಿದ್ದಾನೆ.